ತಾಮ್ರದ ತಂತಿಯಿಂದ ಮನೆಯ ಫೈರ್‌ವಾಲ್‌ವರೆಗೆ

ಟೆಲಿಫೋನ್ ತಂತಿಯಲ್ಲಿ ಹೋಗುವುದಕ್ಕೂ ಬರುವುದಕ್ಕೂ ಒಂದೇ ವೇಗ ಯಾಕೆ ಬೇಕು? 1980ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯೂಜೆರ್ಸಿಯ ಬೆಲ್‌ಕೋರ್ ಸಂಸ್ಥೆಯಲ್ಲಿದ್ದ ಜೋಸೆಫ್ ಲೆಕ್‌ಲೈಡರ್ ಈ ಪ್ರಶ್ನೆ ಹಾಕಿಕೊಂಡರು. ತೊಡಕಿದ್ದದ್ದು ಎಕ್ಸ್‌ಚೇಂಜಿನ ಬಾಗಿಲಲ್ಲಿ. ನೂರಾರು ಮನೆಗಳ ತಂತಿಜೋಡಿಗಳು ಅಲ್ಲಿ ಒಂದೇ ಕೇಬಲಿನೊಳಗೆ ಒತ್ತಿಕೊಂಡಿರುತ್ತವೆ. ಮನೆಯಿಂದ ಕಿಲೋಮೀಟರುಗಟ್ಟಲೆ ಹಾದು ಸೊರಗಿ ಬಂದ ಸಂಕೇತ, ಪಕ್ಕದ ಜೋಡಿಯಲ್ಲಿ ಆಗಷ್ಟೇ ಹೊರಟ ಜೋರು ಸಂಕೇತದ ಸೋರಿಕೆಯಲ್ಲಿ ಮುಳುಗಿಹೋಗುತ್ತದೆ. ಸಂತೆಯಲ್ಲಿ ಕಿವಿಯ ಹತ್ತಿರವೇ ಒಬ್ಬ ಕೂಗುತ್ತಿದ್ದರೆ ದೂರದವನ ಮಾತು ಕೇಳದ ಹಾಗೆ. ಮನೆಯಿಂದ ಹೊರಡುವುದಕ್ಕೆ ಕಿರಿದಾದ ಪಟ್ಟಿ, ಮನೆಗೆ ಬರುವುದಕ್ಕೆ ಅಗಲವಾದ ಪಟ್ಟಿ ಕೊಟ್ಟರೆ ಈ ಗದ್ದಲ ಬಹುಪಾಲು ತಗ್ಗುತ್ತದೆ ಎಂದು ಲೆಕ್‌ಲೈಡರ್ ಕಂಡುಕೊಂಡರು. ಹೋಗುವ, ಬರುವ ವೇಗಗಳು ಬೇರೆಬೇರೆಯಾದ ಎಡಿಎಸ್ಎಲ್ ತಂತ್ರ ಹುಟ್ಟಿದ್ದು ಹೀಗೆ.

ಉಪಾಯವೇನೋ ಹೊಳೆಯಿತು, ಅದನ್ನು ನಡೆಸುವ ಮೋಡೆಮ್ ಬೇಕಲ್ಲ? ಅದಕ್ಕೆ ಕೈಹಾಕಿದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜಾನ್ ಸಿಯೋಫಿ. 1991ರಲ್ಲಿ ಅಮಾಟಿ ಎಂಬ ಪುಟ್ಟ ಕಂಪನಿ ಕಟ್ಟಿದರು. ಅವರ ವಿಧಾನದಲ್ಲಿ ತಂತಿಯ 1104 ಕಿಲೋಹರ್ಟ್ಸ್‌ವರೆಗಿನ ಹರವು 256 ಸಣ್ಣ ಪಟ್ಟಿಗಳಾಗಿ ಒಡೆಯುತ್ತದೆ. ಒಂದೊಂದರ ಅಗಲ 4.3125 ಕಿಲೋಹರ್ಟ್ಸ್. ಮೋಡೆಮ್ ಆನ್ ಆದ ಕೂಡಲೇ ಒಂದೊಂದು ಪಟ್ಟಿಯನ್ನೂ ತಟ್ಟಿ ನೋಡುತ್ತದೆ. ಚೆನ್ನಾಗಿರುವುದಕ್ಕೆ ಒಂದು ಸಲಕ್ಕೆ 15 ಬಿಟ್‌ಗಳವರೆಗೆ ಹೊರೆ, ಸುಮಾರಾದದ್ದಕ್ಕೆ ಮೂರೋ ನಾಲ್ಕೋ, ಕೆಟ್ಟದ್ದನ್ನು ಖಾಲಿ ಬಿಟ್ಟುಬಿಡುತ್ತದೆ. ಬೆಂಗಳೂರು ಆಕಾಶವಾಣಿಯ 612 ಕಿಲೋಹರ್ಟ್ಸ್ ಪ್ರಸಾರ ಬೀಳುವುದು 142ನೇ ಪಟ್ಟಿಯ ಆಸುಪಾಸಿನಲ್ಲಿ. ಕಂಬದಿಂದ ಇಳಿಬಿದ್ದ ತಂತಿ ಆಂಟೆನಾದಂತೆ ಆ ಅಲೆಯನ್ನು ಹಿಡಿದರೆ, ಮೋಡೆಮ್ ಅಲ್ಲಿ ಬಿಟ್‌ಗಳನ್ನು ಇಳಿಸಿ ಮಿಕ್ಕ ಪಟ್ಟಿಗಳಲ್ಲಿ ಕೆಲಸ ಸಾಗಿಸುತ್ತದೆ. ನನ್ನ ಮಟ್ಟಿಗೆ ಇಡೀ ಕತೆಯ ಜಾಣತನ ಇಲ್ಲೇ ಇದೆ.

1993ರಲ್ಲಿ ಬೆಲ್‌ಕೋರ್ ಪೈಪೋಟಿಯ ಮೋಡೆಮ್‌ಗಳನ್ನು ಸಾಲಾಗಿ ಪರೀಕ್ಷೆಗೆ ಒಡ್ಡಿತು. ದೈತ್ಯ ಎಟಿ ಅಂಡ್ ಟಿಯ ವಿಧಾನವನ್ನು ಅಮಾಟಿ ಹಿಂದಿಕ್ಕಿತು. ಅಮೆರಿಕದ ಎಡಿಎಸ್ಎಲ್ ಮಾನದಂಡಕ್ಕೆ ಸಿಯೋಫಿಯ ವಿಧಾನವೇ ಆಯ್ಕೆಯಾಯಿತು. ತಮಾಷೆಯೆಂದರೆ, ಟೆಲಿಫೋನ್ ಕಂಪನಿಗಳ ಕಣ್ಣು ಆಗ ಇಂಟರ್‌ನೆಟ್ ಮೇಲೆ ಇರಲೇ ಇಲ್ಲ. ಕೇಬಲ್ ಟಿವಿಯವರಿಗೆ ಸಡ್ಡು ಹೊಡೆದು ಮನೆಮನೆಗೆ ಸಿನಿಮಾ ಕಳಿಸುವ ಆಸೆ. ಅದು ಕೈಗೂಡಲಿಲ್ಲ, ಅಷ್ಟರಲ್ಲಿ ವೆಬ್ ಬಂದು ಮೋಡೆಮನ್ನು ಎತ್ತಿಕೊಂಡಿತು. ನಮ್ಮಲ್ಲಿ ಇದೇ ತಂತ್ರದ ಬಿಎಸ್ಎನ್ಎಲ್ ಬ್ರಾಡ್‌ಬ್ಯಾಂಡ್ ಶುರುವಾದದ್ದು 2005ರ ಜನವರಿಯಲ್ಲಿ.

ಹಳೇ ಕಂಪ್ಯೂಟರಿಗೆ ಲಿನಕ್ಸ್ ಹಾಕಿ ಮನೆಯ ಫೈರ್‌ವಾಲ್ ಮಾಡಿಕೊಳ್ಳುವವರಿಗೆ ಈ ಇತಿಹಾಸ ಕೆಲಸಕ್ಕೆ ಬರುತ್ತದೆ. ತಂತಿಯನ್ನು ತಟ್ಟಿ ಬಿಟ್ ತುಂಬುವುದು ಮೋಡೆಮಿನ ಕಸುಬು. ಯಾರನ್ನು ಒಳಗೆ ಬಿಡಬೇಕು, ಬಿಡಬಾರದು ಎನ್ನುವುದು ಫೈರ್‌ವಾಲಿನದು. ಯುಎಸ್‌ಬಿ ಮೋಡೆಮ್‌ಗಳು ಈ ಗೆರೆ ಅಳಿಸಿದವು. ಅಲ್ಕಾಟೆಲ್ ಸ್ಪೀಡ್‌ಟಚ್ ಯುಎಸ್‌ಬಿಯಂಥವಕ್ಕೆ ಫರ್ಮ್‌ವೇರನ್ನೂ ಕಂಪ್ಯೂಟರೇ ಉಣಿಸಬೇಕಿತ್ತು; ಡ್ರೈವರ್ ಕೈಕೊಟ್ಟರೆ ಮನೆಯ ನೆಟ್ ಬಂದ್. ಲ್ಯಾನ್ ಕೇಬಲಿನ ಮೋಡೆಮಿಗೆ ಆ ರಗಳೆಯಿಲ್ಲ, ಕಂಪ್ಯೂಟರಿಗೆ ಇನ್ನೊಂದು ನೆಟ್‌ವರ್ಕ್ ಕಾರ್ಡ್ ಇದ್ದರೆ ಸಾಕು.

ಮೋಡೆಮನ್ನು ಬ್ರಿಜ್ ಮೋಡ್‌ಗೆ, ಅಂದರೆ ದತ್ತಾಂಶವನ್ನು ಸುಮ್ಮನೆ ದಾಟಿಸುವಷ್ಟೇ ಕೆಲಸಕ್ಕೆ, ಹಾಕಿ, 1999ರಲ್ಲಿ ಬಂದ ಪಿಪಿಪಿಒಇ ಎಂಬ ಲಾಗಿನ್ ಪದ್ಧತಿಯ ಯೂಸರ್‌ನೇಮ್, ಪಾಸ್‌ವರ್ಡನ್ನು ಫೈರ್‌ವಾಲ್ ಕಂಪ್ಯೂಟರಿನಲ್ಲೇ ಕೊಡಬೇಕು. ಆಗ ಹೊರಗಿನ ಐಪಿ ವಿಳಾಸ ನೇರ ಅದಕ್ಕೇ ಸಿಗುತ್ತದೆ. ಪಿಪಿಪಿಒಇ ತನ್ನ ಪಾಲಿಗೆ ಎಂಟು ಬೈಟ್ ತಿನ್ನುವುದರಿಂದ ಪ್ಯಾಕೆಟ್ಟಿನ ಮಿತಿ 1500 ಅಲ್ಲ, 1492. ಇದನ್ನು ಹೊಂದಿಸದಿದ್ದರೆ ಕೆಲವು ಜಾಲತಾಣಗಳು ತೆರೆಯುತ್ತವೆ, ಕೆಲವು ಸುಮ್ಮನೆ ನಿಂತುಬಿಡುತ್ತವೆ.

ಅಗ್ಗಕ್ಕೆ ಸಿಕ್ಕರೂ ಯುಎಸ್‌ಬಿ ಮೋಡೆಮ್ ಬೇಡ. ಈಗ ಫೈಬರ್ ಹಾಕಿಸಿಕೊಳ್ಳುವವರೂ ಸಂಪರ್ಕ ಕೊಡಲು ಬಂದವರನ್ನು ಒಂದು ಮಾತು ಕೇಳಿ: ಈ ಪೆಟ್ಟಿಗೆಯಲ್ಲಿ ಬ್ರಿಜ್ ಮೋಡ್ ಹಾಕಿಕೊಡುತ್ತೀರಾ?