ಹಿತ್ತಿಲ ಕೋಳಿಗೆ ಪ್ರಾಯ ಬಂದಾಗ

ಇಪ್ಪತ್ತು ಮರಿ ತಂದು ಸಾಕಿದವರಿಗೆ ಮೊದಲ 3 ತಿಂಗಳು ಅಷ್ಟೇನೂ ಕಿರಿಕಿರಿ ಇಲ್ಲ. ಕಾಗೆ, ಗಿಡುಗ, ಮುಂಗುಸಿಗಳಿಂದ ಕಾಪಾಡಿದರೆ ಆಯಿತು. ತಲೆನೋವು ಶುರುವಾಗುವುದು ನಾಲ್ಕನೇ ತಿಂಗಳಲ್ಲಿ. ಅದುವರೆಗೆ ಒಂದೇ ಮುದ್ದೆಯಾಗಿ ಮಲಗುತ್ತಿದ್ದ ಮರಿಗಳು ಕಚ್ಚಾಡುತ್ತವೆ. ಒಂದು ಹೇಂಟೆ ಇನ್ನೊಂದನ್ನು ತೌಡಿನ ಹತ್ತಿರ ಬರಲು ಬಿಡುವುದಿಲ್ಲ. ನಿನ್ನೆವರೆಗೆ ಕೈಯಿಂದ ಕಾಳು ತಿನ್ನುತ್ತಿದ್ದ ಹುಂಜ ಇವತ್ತು ಮೊಣಕಾಲಿಗೇ ಹಾರುತ್ತದೆ. "ಏನೋ ಸೀಕು ತಗುಲಿದೆ" ಎಂದು ಔಷಧಿ ಹುಡುಕುವವರಿದ್ದಾರೆ. "ಈ ಜಾತಿಯೇ ಸರಿ ಇಲ್ಲ" ಎಂದು ಎಲ್ಲವನ್ನೂ ಒಟ್ಟಿಗೆ ಮಾರಿ ಕೈತೊಳೆದುಕೊಳ್ಳುವವರೂ ಇದ್ದಾರೆ. ಇನ್ನೊಂದೆರಡು ತಿಂಗಳಲ್ಲಿ ಮೊಟ್ಟೆ ಇಡಬೇಕಾದ ಹೇಂಟೆಗಳು ಹೀಗೆ ಹೋದರೆ ಅಷ್ಟು ದಿನ ಹಾಕಿದ ಕಾಳು ನೀರಲ್ಲಿ ಹೋದ ಹಾಗೆಯೇ.

ಮೊದಲು ಸೀಕೋ ಪ್ರಾಯವೋ ನೋಡಿಕೊಳ್ಳಿ. ಪ್ರಾಯದ ಜಗಳದ ಕೋಳಿ ಚೆನ್ನಾಗಿ ತಿನ್ನುತ್ತದೆ, ಕಣ್ಣು ಚುರುಕಾಗಿರುತ್ತದೆ, ಓಡಿಸಿದರೆ ಓಡುತ್ತದೆ. ಸೀಕಿನದ್ದು ಹಾಗಲ್ಲ. ಗರಿ ಉಬ್ಬಿಸಿ, ರೆಕ್ಕೆ ಜೋತುಬಿಟ್ಟು, ಕಣ್ಣು ಮುಚ್ಚಿ ಒಂದು ಮೂಲೆ ಹಿಡಿಯುತ್ತದೆ. ಹಸಿರು ಬಣ್ಣದ ನೀರು ಹಿಕ್ಕೆ, ಬಾಯಿ ತೆರೆದು ಉಸಿರಾಟ, ಕತ್ತು ತಿರುಚುವುದು ಕಂಡರೆ ರಾಣಿಖೇತ್ (ಕೊಕ್ಕರೆ ರೋಗ) ಎಂದೇ ಸಂಶಯಿಸಬೇಕು. ಅಂಥದ್ದನ್ನು ಆ ಕ್ಷಣವೇ ದೂರ ಇಟ್ಟು ಪಶುವೈದ್ಯರಿಗೆ ತಿಳಿಸಿ. ಬಂದ ಮೇಲೆ ಅದಕ್ಕೆ ಮದ್ದಿಲ್ಲ, ಲಸಿಕೆ ಒಂದೇ ದಾರಿ. ಮೊದಲ ವಾರದಲ್ಲಿ ಕಣ್ಣಿಗೋ ಮೂಗಿಗೋ ಹನಿ ಹಾಕಿಸಿದ್ದು ಸಾಲದು, 8ನೇ ವಾರದ ಚುಚ್ಚುಮದ್ದೂ ಆಗಿರಬೇಕು. ನಮ್ಮಲ್ಲಿ ಹೆಚ್ಚಿನವರು ಬಿಟ್ಟುಬಿಡುವುದು ಆ ಎರಡನೆಯದನ್ನು.

ಇನ್ನು ಜಗಳದ ವಿಚಾರ. ಕೋಳಿಗಳಲ್ಲಿ ದೊಡ್ಡವರು ಚಿಕ್ಕವರು ಎಂಬ ಸಾಲು ಉಂಟು. ಯಾರು ಯಾರನ್ನು ಕುಕ್ಕಬಹುದು, ಯಾರು ಸುಮ್ಮನೆ ದಾರಿ ಬಿಡಬೇಕು ಎಂಬುದು ಗುಂಪಿನಲ್ಲಿ ತೀರ್ಮಾನವಾಗಿರುತ್ತದೆ. ನಾರ್ವೆಯ ಶೆಲ್ಡರಪ್-ಎಬ್ಬೆ ಎಂಬವರು 1920ರ ದಶಕದಲ್ಲೇ ಇದನ್ನು ಬರೆದಿಟ್ಟಿದ್ದಾರೆ; ನಮ್ಮ ಅಜ್ಜಿಯಂದಿರಿಗೆ ಬರೆಯದೆಯೂ ಗೊತ್ತಿತ್ತು. ಪ್ರಾಯಕ್ಕೆ ಬರುವಾಗ ಈ ಸಾಲು ನಿರ್ಧಾರವಾಗುತ್ತದೆ, ಅದಕ್ಕೇ ಗಲಾಟೆ. ಸಾಲು ಗಟ್ಟಿಯಾದ ಮೇಲೆ ಬರೇ ಒಂದು ನೋಟದಲ್ಲಿ ಕೆಲಸ ಮುಗಿಯುತ್ತದೆ. ಹಾಗಾಗಿ ಪ್ರತಿ ಜಗಳಕ್ಕೂ ಕೋಲು ಹಿಡಿದು ಓಡಬೇಕಾಗಿಲ್ಲ. ರಕ್ತ ಬಂದರೆ, ಅಥವಾ ಒಂದೇ ಕೋಳಿಯನ್ನು ಎಲ್ಲವೂ ಸೇರಿ ಅಟ್ಟಿ ಅದಕ್ಕೆ ತಿನ್ನಲೂ ಬಿಡದಿದ್ದರೆ ಮಾತ್ರ ಕೈ ಹಾಕಿ.

ಹೆಚ್ಚಿನ ಜಗಳ ನಾವೇ ಮಾಡಿಸುವಂಥದ್ದು. ಗೂಡಿನೊಳಗೆ ಕೋಳಿಯೊಂದಕ್ಕೆ 2 ಚದರ ಅಡಿ ಜಾಗ ಬೇಕು. ಕೂರುವ ಕೋಲಿನಲ್ಲಿ ತಲಾ 8 ಇಂಚು. ಕೋಲುಗಳು ಒಂದೇ ಎತ್ತರದಲ್ಲಿರಲಿ. ಮೇಲೊಂದು ಕೆಳಗೊಂದು ಕಟ್ಟಿದರೆ ಮೇಲಿನದ್ದಕ್ಕೆ ದಿನಾ ಸಂಜೆ ಕುಸ್ತಿ. ಕಾಳನ್ನು ಒಂದೇ ಕಡೆ ಸುರಿಯದೆ ಮೂರು ಕಡೆ ಹಾಕಿ. ಗೋಡೆಗೆ ಒಂದೆರಡು ಒಣ ಸೋಗೆ ಓರೆಯಾಗಿ ಒರಗಿಸಿಟ್ಟರೆ ಪೆಟ್ಟು ತಿನ್ನುವ ಕೋಳಿ ಅದರ ಹಿಂದೆ ನುಸುಳಿಕೊಳ್ಳುತ್ತದೆ. ಖರ್ಚಿಲ್ಲದ ಉಪಾಯ.

ಗರಿ ಕೀಳುವ, ಹಿಂಭಾಗ ಕುಕ್ಕುವ ಚಟ ಬೇರೆ. ಇದು ಇಕ್ಕಟ್ಟಿನಿಂದ, ಗೂಡಿಗೆ ಬಿಸಿಲು ನೇರ ಬೀಳುವುದರಿಂದ, ಬರೇ ಅಕ್ಕಿ ತೌಡು ತಿಂದು ಪ್ರೋಟೀನ್ ಸಾಲದೆ ಬರುತ್ತದೆ. ಗೆದ್ದಲು, ಬೇಯಿಸಿದ ಮೀನಿನ ತಲೆ, ಕಡಲೆ ಹಿಂಡಿ, ಯಾವುದು ಸಿಗುತ್ತದೋ ಅದು ಕೊಡಿ. ಗಾಯವಾದದ್ದನ್ನು ತಕ್ಷಣ ಬೇರ್ಪಡಿಸಿ. ಕೆಂಪು ಕಂಡರೆ ಉಳಿದವು ಬಿಡುವುದಿಲ್ಲ. ಗಾಯ ತೊಳೆದು, ಎಣ್ಣೆಯಲ್ಲಿ ಅರಸಿನ ಕಲಸಿ ಕೆಂಪು ಕಾಣದ ಹಾಗೆ ಹಚ್ಚಿ. ಪೂರ್ತಿ ಒಣಗಿದ ಮೇಲೆ ಕತ್ತಲಾದ ನಂತರ ಗೂಡಿಗೆ ಬಿಡಿ.

ಹೊರಗಿನಿಂದ ಕೋಳಿ ತಂದರೂ ಇದೇ ಕ್ರಮ. ಮೊದಲು 2–3 ವಾರ ದೂರ ಇಡಬೇಕು, ಸೀಕಿನ ಭಯಕ್ಕೆ. ಆಮೇಲೆ ಒಂದು ವಾರ ಬಲೆಯ ಆಚೆ ಈಚೆ ಮುಖ ಪರಿಚಯ. ಕೊನೆಗೆ ರಾತ್ರಿ ಹೊತ್ತು ಗೂಡಿಗೆ ಸೇರಿಸುವುದು. ಒಂಟಿ ಬಿಡುವುದಕ್ಕಿಂತ ಎರಡನ್ನು ಜೊತೆಗೆ ಬಿಟ್ಟರೆ ಪೆಟ್ಟು ಹಂಚಿಹೋಗುತ್ತದೆ.

ಹುಂಜ ಎಷ್ಟು ಬೇಕು?

ಗಂಡು ಹೆಣ್ಣು ಬೇರ್ಪಡಿಸದ 20 ಮರಿಗಳಲ್ಲಿ ಹತ್ತರ ಆಸುಪಾಸು ಹುಂಜ ಇರುವುದು ಸಹಜ. ಬೇಕಾದದ್ದು 8–10 ಹೇಂಟೆಗೆ ಒಂದು. ಅಂದರೆ ಒಂದು ಸಾಕು. ಬರೇ ಮೊಟ್ಟೆ ಸಾಕು, ಮರಿ ಬೇಡ ಎಂದಾದರೆ ಅದೂ ಬೇಡ. ಹುಂಜ ಇಲ್ಲದಿದ್ದರೆ ಹೇಂಟೆ ಮೊಟ್ಟೆ ಇಡುವುದಿಲ್ಲ ಎಂದು ಈಗಲೂ ಹೇಳುವವರಿದ್ದಾರೆ, ಅದು ಸುಳ್ಳು.

ಗುರುತಿಸುವುದು ಹೇಗೆ? ಎರಡು ತಿಂಗಳಲ್ಲಿ ಜುಟ್ಟು ದೊಡ್ಡದಾಗಿ ಕೆಂಪೇರಿದ್ದು ಸಾಮಾನ್ಯವಾಗಿ ಹುಂಜ. ಸಂಶಯ ಇದ್ದರೆ ಮೂರು ಮೂರೂವರೆ ತಿಂಗಳಲ್ಲಿ ಕತ್ತಿನ ಗರಿ, ಬಾಲದ ಬುಡದ ಗರಿ ಹಿಡಿದು ನೋಡಿ. ಹುಂಜದ್ದು ಉದ್ದ, ಚೂಪು, ಹೊಳಪು. ಹೇಂಟೆಯದ್ದು ತುದಿ ದುಂಡಗೆ. ಕೂಗುವುದನ್ನು ಕಾಯುತ್ತಾ ಕೂತರೆ ತಡವಾಗುತ್ತದೆ.

ಹೆಚ್ಚುವರಿ ಹುಂಜಗಳನ್ನು ಹೇಂಟೆಗಳ ಜೊತೆ ಬಿಟ್ಟರೆ ಹೇಂಟೆಗೆ ಬಾಳಿಲ್ಲ. ಒಂದರ ಮೇಲೊಂದು ಹತ್ತಿ ಬೆನ್ನಿನ ಗರಿ ಹೋಗಿ ಚರ್ಮ ಹರಿಯುತ್ತದೆ, ಹೆದರಿದ ಹೇಂಟೆ ಗೂಡು ಬಿಟ್ಟು ಇಳಿಯುವುದಿಲ್ಲ, ತಿನ್ನುವುದಿಲ್ಲ, ಮೊಟ್ಟೆ ನಿಲ್ಲುತ್ತದೆ. ನಾಲ್ಕನೇ ತಿಂಗಳಲ್ಲೇ ಹುಂಜಗಳನ್ನು ಬೇರೆ ಮಾಡಿ. ಹೇಂಟೆ ಕಣ್ಣಿಗೆ ಬೀಳದ ಜಾಗವಾದರೆ, ಒಟ್ಟಿಗೆ ಬೆಳೆದ ಹುಂಜಗಳು ಹೆಚ್ಚು ಕಾದಾಡದೆ ಇರುತ್ತವೆ. ಮಾರುವುದಕ್ಕೆ ದಿನ ನೋಡಬೇಕು. ನಮ್ಮ ಕಡೆ ಕೋಲ, ತಂಬಿಲಗಳ ಸಮಯ, ಘಟ್ಟದ ಮೇಲೆ ಮಾರಿಹಬ್ಬ, ಹೊಸತೊಡಕು. ಅಂಕಕ್ಕೆಂದು ಕೇಳಿಕೊಂಡು ಬರುವವರೂ ಇದ್ದಾರೆ, ರೇಟೂ ಜಾಸ್ತಿ ಹೇಳುತ್ತಾರೆ. ಪ್ರಾಣಿಗಳನ್ನು ಕಾದಾಡಿಸುವುದು 1960ರ ಕಾಯಿದೆಯಲ್ಲಿ ಅಪರಾಧ ಎಂಬುದು ನೆನಪಿರಲಿ.

ಉಳಿಸಿಕೊಳ್ಳುವ ಹುಂಜವನ್ನು ತೂಕ ನೋಡಿ ಆರಿಸಬೇಡಿ, ಗುಣ ನೋಡಿ. ಹುಳ ಸಿಕ್ಕಿದರೆ ತಾನು ನುಂಗದೆ ಹೇಂಟೆಗಳನ್ನು ಕರೆಯುವುದು, ಆಗಾಗ ತಲೆ ಓರೆ ಮಾಡಿ ಆಕಾಶ ನೋಡುವುದು, ಗಿಡುಗದ ನೆರಳು ಬಿದ್ದರೆ ಕೂಗಿ ಎಚ್ಚರಿಸುವುದು, ಮನುಷ್ಯರಿಂದ ಎರಡು ಮಾರು ದೂರ ಇರುವುದು, ಇಂಥದ್ದು ಒಳ್ಳೆಯದು. ಗಿರಿರಾಜದಂಥ 3 ಕಿಲೋ ಮೀರುವ ಭಾರದ ಹುಂಜವನ್ನು ಸಣ್ಣ ನಾಟಿ ಹೇಂಟೆಗಳಿಗೆ ಬಿಡುವುದು ನನಗಂತೂ ಸರಿ ಕಾಣುವುದಿಲ್ಲ. ಜಾತಿ ಬದಲಿಸಲು ಹುಂಜ ಬದಲಿಸಿದರೆ 3 ವಾರ ಬಿಟ್ಟು ನಂತರದ ಮೊಟ್ಟೆಯನ್ನೇ ಕಾವಿಗೆ ಇಡಿ. ಹಳೆಯ ಹುಂಜದ ಬೀಜ ಹೇಂಟೆಯ ಹೊಟ್ಟೆಯಲ್ಲಿ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಉಳಿದಿರುತ್ತದೆ.

ಮೈಮೇಲೆ ಬರುವ ಹುಂಜ

ಒಂದು ರೆಕ್ಕೆ ನೆಲಕ್ಕೆ ತಾಗಿಸಿ ಓರೆಯಾಗಿ ಕುಣಿಯುತ್ತಾ ನಿಮ್ಮ ಕಡೆ ಬಂದರೆ, ತಲೆ ತಗ್ಗಿಸಿ ಕತ್ತಿನ ಗರಿ ಬಿಚ್ಚಿದರೆ ಅದು ನಿಮ್ಮನ್ನು ಪರೀಕ್ಷೆ ಮಾಡುತ್ತಿದೆ ಎಂದರ್ಥ. ಒದೆಯಬೇಡಿ, ಹೊಡೆಯಬೇಡಿ. ಹೊಡೆದರೆ ಅದಕ್ಕದು ಜಗಳದ ಕರೆ, ನಾಳೆ ಇನ್ನೂ ಜೋರಾಗಿ ಬರುತ್ತದೆ. ಓಡಿದರೆ ಗೆದ್ದೆ ಎಂದು ಎಣಿಸುತ್ತದೆ. ನಿಂತಲ್ಲೇ ನಿಂತು, ಒಂದೆರಡು ಹೆಜ್ಜೆ ಮುಂದಿಟ್ಟು ಅದೇ ಹಿಂದೆ ಸರಿಯುವಂತೆ ಮಾಡಿ. ಆಗದಿದ್ದರೆ ಹಿಡಿದು ರೆಕ್ಕೆ ಒತ್ತಿಕೊಂಡು ಕಂಕುಳಲ್ಲಿ ಹತ್ತು ನಿಮಿಷ ಇರಿಸಿಕೊಂಡು ಓಡಾಡಿ. ನಾಲ್ಕು ದಿನ ಹೀಗೆ ಮಾಡಿದಾಗ ತಣ್ಣಗಾಗುವ ಹುಂಜಗಳಿವೆ, ಆಗದವೂ ಇವೆ.

ಸಣ್ಣ ಮಕ್ಕಳಿರುವ ಮನೆಯಲ್ಲಿ ಇಷ್ಟು ಪ್ರಯೋಗಕ್ಕೂ ಸಮಯವಿಲ್ಲ. ಹುಂಜ ಹಾರುವ ಎತ್ತರಕ್ಕೆ ಸರಿಯಾಗಿ ಇರುವುದು ಮಗುವಿನ ಮುಖ, ಕಣ್ಣು. ಮಗುವಿನ ಮೇಲೆ ಒಮ್ಮೆ ಹಾರಿದ ಹುಂಜ ಎಷ್ಟೇ ಚೆಂದ ಇರಲಿ, ಆ ವಾರವೇ ಸಾರಿಗೆ. ಅದರ ಮರಿಗಳನ್ನು ಮಾಡಿಸುವುದೂ ಬೇಡ, ಗುಣ ಮರಿಗಳಿಗೂ ಇಳಿಯುತ್ತದೆ.

ಹೇಂಟೆಗಳ ಬದಲಾವಣೆ ಇಷ್ಟು ಜೋರಿನದ್ದಲ್ಲ. ಬೆನ್ನು ಮುಟ್ಟಿದಾಗ ರೆಕ್ಕೆ ಅಗಲಿಸಿ ಕುಕ್ಕರಿಸಿ ಕೂತರೆ, ಸೌದೆ ಕೊಟ್ಟಿಗೆಯ ಮೂಲೆ ಮೂಲೆ ಹುಡುಕಿದರೆ ಒಂದೆರಡು ವಾರದಲ್ಲಿ ಮೊಟ್ಟೆ ಬರುತ್ತದೆ. 4–5 ಹೇಂಟೆಗೊಂದರಂತೆ ಬೈಹುಲ್ಲು ಹಾಸಿದ ಬುಟ್ಟಿಯನ್ನು ಕತ್ತಲೆ ಇರುವ ಕಡೆ ಇಡಿ, ಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿಡಿ. ನಾಟಿ ಹೇಂಟೆ ಹನ್ನೆರಡು ಹದಿನೈದು ಇಟ್ಟ ಮೇಲೆ ಗರಿ ಉಬ್ಬಿಸಿ, ಗುರ್ ಎಂದು ಬುಟ್ಟಿ ಬಿಟ್ಟು ಏಳದಿದ್ದರೆ ಅದೂ ಸೀಕಲ್ಲ, ಕಾವು. ಮರಿ ಬೇಡವಾದರೆ ಅಡಿಯಿಂದ ಗಾಳಿಯಾಡುವ ಬಲೆ ತಳದ ಪಂಜರದಲ್ಲಿ ಮೂರು ನಾಲ್ಕು ದಿನ ಕಾಳು ನೀರು ಕೊಟ್ಟು ಇಡಿ. ಹೊಟ್ಟೆ ತಂಪಾದರೆ ಕಾವು ಬಿಡುತ್ತದೆ. ನೀರಿನಲ್ಲಿ ಮುಳುಗಿಸುವುದು ಮಾತ್ರ ಬೇಡ, ಮಳೆಗಾಲದಲ್ಲಂತೂ ಬೇಡವೇ ಬೇಡ.