ಕಪ್ಪಾದ ಬಾಳೆಹಣ್ಣು, ಒಂದು ಚಮಚ ಸೋಡಾ

ಡಬ್ಬಿಯಲ್ಲಿ ಮೈದಾ, ಸಕ್ಕರೆ, ಅಡುಗೆ ಸೋಡಾ ಇವೆ. ಬುಟ್ಟಿಯಲ್ಲಿ ಮೂರು ಬಾಳೆಹಣ್ಣು ಕಪ್ಪಾಗಿ ನೊಣ ಕರೆಯುತ್ತಿವೆ. ಇಷ್ಟಿದ್ದರೆ ಒಂದೂವರೆ ಗಂಟೆಯಲ್ಲಿ ಬನಾನಾ ಬ್ರೆಡ್ ಆಯಿತು. ನಾದುವ ಗೋಜಿಲ್ಲ, ಹಿಟ್ಟು ಉಬ್ಬಲೆಂದು ಕಾಯಬೇಕಿಲ್ಲ. ಹೆಸರಿಗೆ ಬ್ರೆಡ್, ತಿಂದರೆ ಕೇಕ್. ಕೇಕ್ ಎಂದಿದ್ದರೆ ಬೆಳಗಿನ ಕಾಫಿಗೆ ತಿನ್ನಲು ಕೊಂಚ ಸಂಕೋಚವಾಗುತ್ತಿತ್ತೇನೋ.

ಈ ಸುಲಭದ ಕಥೆ ಶುರುವಾಗುವುದು ಒಲೆಯ ಬೂದಿಯಲ್ಲಿ. ಹದಿನೆಂಟನೇ ಶತಮಾನದ ಅಮೆರಿಕದಲ್ಲಿ ಕಾಡು ಕಡಿದು ಸುಟ್ಟ ಬೂದಿಗೆ ನೀರು ಹಾಕಿ, ಬಸಿದು, ಇಂಗಿಸಿ ಒಂದು ಕ್ಷಾರ ತೆಗೆಯುತ್ತಿದ್ದರು. ಅದನ್ನು ಶುದ್ಧ ಮಾಡಿದರೆ ‘ಪರ್ಲ್ ಆಷ್’. ಗಾಜಿಗೆ, ಸಾಬೂನಿಗೆ ಆಗ ಇದು ಬೇಕೇ ಬೇಕಿತ್ತು. 1790ರ ಜುಲೈ 31ರಂದು ಆ ದೇಶ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಕೂಡ ಇದನ್ನು ತಯಾರಿಸುವ ಸುಧಾರಿತ ವಿಧಾನಕ್ಕೇ. ಪಡೆದವನು ಸ್ಯಾಮ್ಯುಯೆಲ್ ಹಾಪ್ಕಿನ್ಸ್, ಸಹಿ ಹಾಕಿದವರಲ್ಲಿ ಜಾರ್ಜ್ ವಾಷಿಂಗ್ಟನ್ ಒಬ್ಬರು. 1796ರಲ್ಲಿ ಅಮೆಲಿಯಾ ಸಿಮನ್ಸ್ ತನ್ನ ಅಡುಗೆ ಪುಸ್ತಕದಲ್ಲಿ ಅದೇ ಪುಡಿಯನ್ನು ಹಿಟ್ಟಿಗೆ ಹಾಕಲು ಹೇಳಿದಳು. ಹುಳಿ ತಾಗಿದರೆ ಗಾಳಿ ಏಳುತ್ತದೆ, ಹಿಟ್ಟು ಹಗುರಾಗುತ್ತದೆ. ಪ್ರಮಾಣ ತಪ್ಪಿದರೆ ಮಾತ್ರ ಸಾಬೂನಿನ ರುಚಿ. ಕೊಬ್ಬಿಗೆ ಕ್ಷಾರ ಸೇರಿದರೆ ಆಗುವುದು ಸಾಬೂನೇ ತಾನೆ.

ಮುಂದಿನ ಹೆಜ್ಜೆ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ. ಔಷಧಿ ಅಂಗಡಿಯ ಆಲ್ಫ್ರೆಡ್ ಬರ್ಡ್‌ನ ಹೆಂಡತಿಗೆ ಯೀಸ್ಟ್ ಒಗ್ಗುತ್ತಿರಲಿಲ್ಲ. ಅವಳಿಗೆಂದು 1843ರಲ್ಲಿ ಅವನು ಬೇಕಿಂಗ್ ಪೌಡರ್ ಬೆರೆಸಿದ. ಹುಳಿಯೂ ಸೋಡಾವೂ ಒಂದೇ ಡಬ್ಬಿಯಲ್ಲಿ, ಒದ್ದೆಯಾಗುವವರೆಗೆ ಜಗಳವಿಲ್ಲ. ಆದರೆ ಆಗ ಬಳಸುತ್ತಿದ್ದ ಹುಳಿ, ದ್ರಾಕ್ಷಾರಸದ ಪೀಪಾಯಿಯಲ್ಲಿ ಕಟ್ಟುವ ಗಸಿಯಿಂದ ತೆಗೆದದ್ದು. ಅಮೆರಿಕಕ್ಕೆ ಅದು ಯುರೋಪಿನಿಂದ ಬರಬೇಕು, ದುಬಾರಿ. 1856ರಲ್ಲಿ ಹಾರ್ವರ್ಡ್‌ನ ರಸಾಯನಶಾಸ್ತ್ರಜ್ಞ ಎಬೆನ್ ಹಾರ್ಸ್‌ಫರ್ಡ್ ಬದಲಿಗೆ ಫಾಸ್ಫೇಟ್ ಹುಳಿಗೆ ಪೇಟೆಂಟ್ ಪಡೆದ. ಮೊದಮೊದಲು ಅದನ್ನು ತೆಗೆದದ್ದು ಮೂಳೆಯಿಂದ. (ಸಸ್ಯಾಹಾರಿಗಳು ಗಾಬರಿಯಾಗಬೇಕಿಲ್ಲ, ಆಮೇಲೆ ಗಣಿಯ ಕಲ್ಲೇ ಸಾಕಾಯಿತು.)

ಹಣ್ಣು ಬಂದದ್ದು ತಡವಾಗಿ. 1870ರಲ್ಲಿ ಲೊರೆಂಜೊ ಡೌ ಬೇಕರ್ ಎಂಬ ಹಡಗಿನ ಕಪ್ತಾನ ಜಮೈಕಾದಿಂದ ಬಾಳೆಗೊನೆ ತಂದು ಮಾರಿ ಲಾಭ ಕಂಡ. ಮುಂದೆ ರೈಲು, ತಂಪು ಹಡಗುಗಳು ಸೇರಿ ಬಾಳೆಹಣ್ಣು ಅಮೆರಿಕದಲ್ಲಿ ಅಗ್ಗವಾಯಿತು. ಅಗ್ಗವಾದದ್ದು ಮನೆಯಲ್ಲಿ ಉಳಿಯುತ್ತದೆ, ಉಳಿದದ್ದು ಕಪ್ಪಾಗುತ್ತದೆ. 1930ರ ದಶಕದ ಹೊತ್ತಿಗೆ ಬನಾನಾ ಬ್ರೆಡ್ ಅಲ್ಲಿನ ಅಡುಗೆ ಪುಸ್ತಕಗಳಿಗೆ ಬಂತು. 1933ರಲ್ಲಿ ಹಿಟ್ಟಿನ ಕಂಪನಿ ಪಿಲ್ಸ್‌ಬರಿ ತನ್ನ ಪುಸ್ತಕದಲ್ಲೂ ಅಚ್ಚು ಹಾಕಿತು. ಆರ್ಥಿಕ ಕುಸಿತದ ಕಾಲದ ಗೃಹಿಣಿ ಹಣ್ಣು ಎಸೆಯಲಾರದೆ ಇದನ್ನು ಕಂಡುಕೊಂಡಳು ಎಂಬ ಕಥೆ ಚೆನ್ನಾಗಿದೆ. ನನಗೇನೋ ಹಿಟ್ಟು ಮತ್ತು ಸೋಡಾ ಮಾರುವವರ ಕೈಯೂ ಅಷ್ಟೇ ಇದ್ದಂತೆ ಕಾಣುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಯಾರೂ ಮಾರಬೇಕಾಗಲಿಲ್ಲ, ಅದು ತಾನೇ ಮನೆಮನೆಗೆ ಹೊಕ್ಕಿತು.

ಕರಾವಳಿಯವರಿಗೆ ಇದರಲ್ಲಿ ಅಂಥ ಹೊಸತೇನಿದೆ? ಕಳಿತ ಬಾಳೆಹಣ್ಣು, ಮೈದಾ, ಸಕ್ಕರೆ, ಮೊಸರು, ಚಿಟಿಕೆ ಸೋಡಾ: ಮಂಗಳೂರು ಬನ್ಸ್‌ನ ಸಾಮಾನೂ ಇದೇ. ಅಲ್ಲಿ ಎಣ್ಣೆಯಲ್ಲಿ ಉಬ್ಬುತ್ತದೆ, ಇಲ್ಲಿ ಬಿಸಿಗಾಳಿಯಲ್ಲಿ.

ಮಾಡಿ ನೋಡುವವರಿಗೆ: ಮೂರು ಪಚ್ಚಬಾಳೆಹಣ್ಣು ಕಿವುಚಿ, 120 ಗ್ರಾಂ ಸಕ್ಕರೆ, 80 ಗ್ರಾಂ ಕರಗಿದ ಬೆಣ್ಣೆ, ಕಾಲು ಲೋಟ ಹುಳಿ ಮೊಸರು ಸೇರಿಸಿ. 200 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಸೋಡಾ, ಚಿಟಿಕೆ ಉಪ್ಪು ಬೆರೆಸಿ ಜರಡಿ ಹಿಡಿದು, ಕೊನೆಗೆ ಹಾಕಿ, ಮೆಲ್ಲಗೆ ಕಲಸಿ. ಹೆಚ್ಚು ತಿರುವಿದರೆ ರಬ್ಬರ್ ಆಗುತ್ತದೆ. ಓವನ್ನಾದರೆ 175 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಓವನ್ ಇಲ್ಲದಿದ್ದರೆ ಕುಕ್ಕರಿನ ತಳಕ್ಕೆ ಕಲ್ಲುಪ್ಪು ಹರಡಿ, ಗ್ಯಾಸ್ಕೆಟ್ಟೂ ವೆಯ್ಟೂ ತೆಗೆದು, ಹಿಟ್ಟಿನ ಪಾತ್ರೆಯನ್ನು ಒಳಗಿಟ್ಟು ಸಣ್ಣ ಉರಿಯಲ್ಲಿಡಿ. ಕಡ್ಡಿ ಚುಚ್ಚಿದಾಗ ಹಿಟ್ಟು ಅಂಟಬಾರದು. ಬನ್ಸ್ ಹಿಟ್ಟು ರಾತ್ರಿಯಿಡೀ ಕಾಯುತ್ತದೆ. ಇದು ಕಾಯದು, ಮೊಸರು ತಾಗಿದ ಕ್ಷಣದಿಂದ ಗಾಳಿ ಹೋಗುತ್ತಿರುತ್ತದೆ. ಆದ್ದರಿಂದ ಮೊದಲು ಕುಕ್ಕರ್ ಕಾಯಲಿ, ಸೋಡಾ ಆಮೇಲೆ ಬೀಳಲಿ.