ಮೊಬೈಲಿಗೆ ಕೆಲಸ ಹೇಳೋಣ

ಅಕ್ಕಾ, ಮೊಬೈಲಿನಲ್ಲಿ ಪುಟ್ಟ ಪುಟ್ಟ ಚಿತ್ರಗಳು ಇರುತ್ತವೆ. ಒಂದನ್ನು ಮುಟ್ಟಿದರೆ ಹಾಡು ಬರುತ್ತದೆ. ಇನ್ನೊಂದನ್ನು ಮುಟ್ಟಿದರೆ ಹಣ ಕಳಿಸಬಹುದು. ಇವಕ್ಕೆ ಆಪ್ ಅಂತಾರೆ.

ಆಪ್ ತಾನಾಗಿ ಹುಟ್ಟಿಲ್ಲ. ಯಾರೋ ಕೂತು ಮಾಡಿದ್ದಾರೆ. ನಾವೂ ಮಾಡಬಹುದೇ? ಮಾಡಬಹುದು.

ಪ್ರೋಗ್ರಾಂ ಅಂದರೇನು?

ಎಣ್ಣೆ ಕಾಯುವ ಮೊದಲೇ ಸಾಸಿವೆ ಹಾಕಿದರೆ ಸಿಡಿಯುತ್ತದೆಯೇ? ಇಲ್ಲ. ಯಾವುದು ಮೊದಲು, ಯಾವುದು ಆಮೇಲೆ ಅಂತ ನಮಗೆ ಗೊತ್ತು. ಮೊಬೈಲಿಗೆ ಗೊತ್ತಿಲ್ಲ. ನಾವು ಒಂದೊಂದಾಗಿ ಹೇಳಬೇಕು. ಹಾಗೆ ಹೇಳುವ ಕೆಲಸಗಳ ಪಟ್ಟಿಯೇ ಪ್ರೋಗ್ರಾಂ.

ಸಂಘದ ಲೆಕ್ಕ

ನಿಮ್ಮ ಸಂಘದಲ್ಲಿ 10 ಜನ ಇದ್ದೀರಿ. ವಾರಕ್ಕೆ ತಲಾ 50 ರೂಪಾಯಿ ಉಳಿತಾಯ. ಒಬ್ಬರು ಹಣ ಕೊಟ್ಟರೆ ಮೊಬೈಲಿನ ಗುಂಡಿ ಒಂದು ಸಲ ಒತ್ತಬೇಕು. ಒಟ್ಟು ಹಣ ಕಾಣಬೇಕು. ಮೊಬೈಲಿಗೆ ಹೀಗೆ ಹೇಳಿ:

1. ಶುರುವಿಗೆ ಒಟ್ಟು ಹಣ ಸೊನ್ನೆ.
2. ಗುಂಡಿ ಒತ್ತಿದಾಗ ಒಟ್ಟಿಗೆ 50 ಸೇರಿಸು.
3. ಆಮೇಲೆ ಒಟ್ಟನ್ನು ತೋರಿಸು.

ಹತ್ತು ಸಲ ಒತ್ತಿದರೆ 500 ಕಾಣುತ್ತದೆ.

ಎರಡನೆಯದೂ ಮೂರನೆಯದೂ ಅದಲುಬದಲಾದರೆ? ಮೊದಲು ತೋರಿಸುತ್ತದೆ, ಆಮೇಲೆ ಸೇರಿಸುತ್ತದೆ. ಹತ್ತು ಜನ ಕೊಟ್ಟರೂ 450 ಅಂತಲೇ ಕಾಣುತ್ತದೆ. 50 ರೂಪಾಯಿ ಎಲ್ಲಿ ಹೋಯ್ತು ಅಂತ ಜಗಳ! ಹಣ ಎಲ್ಲೂ ಹೋಗಿಲ್ಲ. ಸಾಲು ಹಿಂದುಮುಂದಾಗಿದೆ, ಅಷ್ಟೇ. ಸರಿಮಾಡಿದರೆ ಆಯ್ತು.

ಇನ್ನೊಂದು ಮಾತು. ಆಪ್ ಮುಚ್ಚಿದರೆ ಮೊಬೈಲ್ ಲೆಕ್ಕ ಮರೆಯುತ್ತದೆ. ನೆನಪಿಟ್ಟುಕೋ ಅಂತಲೂ ಹೇಳಬೇಕು. ಅದನ್ನು ಕಲಿಯುವ ತನಕ ಸಂಘದ ಪುಸ್ತಕ ಬಿಡಬೇಡಿ.

ಎಲ್ಲಿ ಕಲಿಯೋದು?

ಆಪ್ ಇನ್ವೆಂಟರ್ ಅನ್ನುವ ಸಾಧನ ಇದೆ. 2010ರಲ್ಲಿ ಗೂಗಲ್ ಕಂಪನಿ ಇದನ್ನು ತಂದಿತು. 2012ರಿಂದ ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆ ನಡೆಸುತ್ತಿದೆ. ದುಡ್ಡು ಕೊಡಬೇಕಿಲ್ಲ. ಕಂಪ್ಯೂಟರ್, ಇಂಟರ್‌ನೆಟ್ ಬೇಕು. ಪರದೆಯ ಮೇಲೆ ಬಣ್ಣಬಣ್ಣದ ತುಂಡುಗಳು ಇರುತ್ತವೆ. ಒಂದೊಂದು ತುಂಡೂ ಒಂದೊಂದು ಮಾತು. ಅವನ್ನು ಸಾಲಾಗಿ ಜೋಡಿಸಬೇಕು. ಜೋಡಿಸಿದ್ದನ್ನು ಕೂಡಲೇ ಮೊಬೈಲಿನಲ್ಲಿ ಒತ್ತಿ ನೋಡಬಹುದು.

ತುಂಡುಗಳ ಮೇಲೆ ಇಂಗ್ಲಿಷ್ ಪದ ಇರುತ್ತದೆ. ಹೆದರಬೇಡಿ. ದಿನಕ್ಕೆರಡು ಪದ ಕಲಿತರೆ ಸಾಕು. ನಿಮ್ಮ ಗುಂಡಿಯ ಮೇಲೆ ಕನ್ನಡದಲ್ಲೇ ಬರೆಯಬಹುದು.

ಹಲವು ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರದಲ್ಲಿ ಕಂಪ್ಯೂಟರ್ ಇದೆ. ಹೋಗಿ ವಿಚಾರಿಸಿ. ಒಬ್ಬರೇ ಹೋಗಬೇಡಿ, ನಾಲ್ಕು ಜನ ಸೇರಿ ಹೋಗಿ. ಮಗಳನ್ನೂ ಕರೆದುಕೊಂಡು ಹೋಗಿ.

ಧಾರಾವಿಯ ಹುಡುಗಿಯರು

ಮುಂಬೈಯಲ್ಲಿ ಧಾರಾವಿ ಅನ್ನುವ ದೊಡ್ಡ ಕೊಳೆಗೇರಿ ಇದೆ. ಅಲ್ಲಿನ ಹುಡುಗಿಯರು ಆಪ್ ಇನ್ವೆಂಟರ್ ಕಲಿತರು. ಅಲ್ಲಿ ನೀರಿಗಾಗಿ ಸಾಲು ನಿಲ್ಲಬೇಕು. 2016ರ ಹೊತ್ತಿಗೆ ಅವರು ಅದಕ್ಕೊಂದು ಆಪ್ ಮಾಡಿದ್ದರು. ನೀರು ಹಿಡಿಯುವ ಸರದಿ ಬಂತು ಅಂತ ಮನೆಯವರಿಗೆ ತಿಳಿಸುವ ಆಪ್ ಅದು. ಅವರ ಕಷ್ಟ ಅವರಿಗೇ ಗೊತ್ತಿತ್ತು. ಅದಕ್ಕೇ ಅವರೇ ಮಾಡಿದರು.

ನಮ್ಮ ಸಂಘದ ಲೆಕ್ಕವೂ ನಮಗೇ ಗೊತ್ತು. ಬೇರೆಯವರ ಕೈ ಯಾಕೆ ಕಾಯಬೇಕು?

ಯೋಚಿಸಿ, ಬರೆಯಿರಿ

ವಾರದ ಉಳಿತಾಯ 100 ರೂಪಾಯಿ ಆದರೆ ಮೇಲಿನ ಯಾವ ಸಾಲು ಬದಲಿಸಬೇಕು?